ಮತ್ತೆ ಮತ್ತೆ ಒಂದೇ ಜಾಗದಲ್ಲಿ ನ್ಯುಮೋನಿಯಾ: ವಯಸ್ಕರಲ್ಲಿ ಪಲ್ಮನರಿ ಸೀಕ್ವೆಸ್ಟ್ರೇಷನ್ ಪತ್ತೆ ಮಾಡುವ ಬಗೆ

ನ್ಯುಮೋನಿಯಾ ಔಷಧಿಗೆ ಇಳಿದು, ಕೆಲವು ತಿಂಗಳಲ್ಲಿ ಅದೇ ಜಾಗದಲ್ಲಿ, ಅದರಲ್ಲೂ ಎಡ ಶ್ವಾಸಕೋಶದ ಕೆಳಹಾಲೆಯ (ಕೆಳಗಿನ ವಿಭಾಗದ) ಹಿಂಭಾಗದಲ್ಲಿ ಮರುಕಳಿಸಿದರೆ ಒಂದು ಹುಟ್ಟುದೋಷವನ್ನು ನೆನಪಿಸಿಕೊಳ್ಳಬೇಕು. ಪಲ್ಮನರಿ ಸೀಕ್ವೆಸ್ಟ್ರೇಷನ್‌ನಲ್ಲಿ ಶ್ವಾಸಕೋಶದ ಒಂದು ತುಣುಕಿಗೆ ಶ್ವಾಸನಾಳದೊಡನೆ ಸಹಜ ಸಂಪರ್ಕವಿರುವುದಿಲ್ಲ. ಅದಕ್ಕೆ ರಕ್ತ ಬರುವುದು ಸಾಮಾನ್ಯವಾಗಿ ಹೃದಯದಿಂದ ಹೊರಡುವ ಅತಿ ದೊಡ್ಡ ರಕ್ತನಾಳವಾದ ಮಹಾಪಧಮನಿಯಿಂದಲೇ ಕವಲೊಡೆದ ನಾಳದಿಂದ. 1946ರಲ್ಲಿ ಪ್ರೈಸ್ ಎಂಬ ವೈದ್ಯರು ಇದಕ್ಕೆ ಈ ಹೆಸರನ್ನು ಬಳಸಿದರು. ವಯಸ್ಕರಲ್ಲಿ ಹೆಚ್ಚಾಗಿ ಕಾಣುವುದು ಹಾಲೆಯ ಒಳಗೇ ಅಡಗಿರುವ ಬಗೆ. ಕೆಲವರಿಗೆ ಕೆಮ್ಮಿನಲ್ಲಿ ರಕ್ತ ಬರುತ್ತದೆ, ಇನ್ನು ಕೆಲವರಿಗೆ ಯಾವ ತೊಂದರೆಯೂ ಇರುವುದಿಲ್ಲ.

ಮೊದಲು ರೋಗಿಯ ಹಳೆಯ ಎಕ್ಸ್‌ರೇಗಳನ್ನೆಲ್ಲ ತರಿಸಿ ಪಕ್ಕಪಕ್ಕದಲ್ಲಿಟ್ಟು ನೋಡಿ. ವರದಿ ಓದಿದರೆ ಸಾಲದು. ನೆರಳು ಪೂರ್ತಿ ಮಾಯವಾಗಿತ್ತೇ, ಅಥವಾ ಗುಣವಾಯಿತೆಂದು ಬರೆದ ದಿನವೂ ಒಂದಿಷ್ಟು ಉಳಿದಿತ್ತೇ ಎಂಬುದು ಚಿತ್ರದಲ್ಲೇ ಇರುತ್ತದೆ. ನಮ್ಮಲ್ಲಿ ಕ್ಷಯ ವ್ಯಾಪಕವಾಗಿರುವುದರಿಂದ ಕಫ ಪರೀಕ್ಷೆ ಬಿಡಲಾಗದು. ಆದರೆ ರೋಗಾಣುವಿನ ಸುಳಿವೇ ಇಲ್ಲದೆ, ಕೆಳಹಾಲೆಯ ನೆರಳೊಂದನ್ನೇ ನಂಬಿ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸುವುದು ರೋಗಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ನಿರ್ಣಾಯಕ ಪರೀಕ್ಷೆ ಸಿ.ಟಿ. ಆಂಜಿಯೋಗ್ರಫಿ, ಅಂದರೆ ರಕ್ತನಾಳಗಳು ಎದ್ದು ಕಾಣುವಂತೆ ಬಣ್ಣದ್ರವ ಚುಚ್ಚಿ ತೆಗೆಯುವ ಸಿ.ಟಿ. ಸ್ಕ್ಯಾನ್. ಸಾಮಾನ್ಯ ಸಿ.ಟಿ.ಯಲ್ಲಿ ಗಡ್ಡೆಯೋ ನೀರುಗುಳ್ಳೆಯೋ ಕೀವುಗುಳಿಯೋ ಕಂಡೀತು, ರಕ್ತನಾಳ ತಪ್ಪಿಹೋಗಬಹುದು. ಆದ್ದರಿಂದ ಕೋರಿಕೆ ಚೀಟಿಯಲ್ಲಿ ಸೀಕ್ವೆಸ್ಟ್ರೇಷನ್ ಶಂಕೆಯಿದೆ ಎಂದು ಸ್ಪಷ್ಟವಾಗಿ ಬರೆದು, ಹೊಟ್ಟೆಯ ಮೇಲ್ಭಾಗವನ್ನೂ ಸೇರಿಸಲು ಹೇಳಬೇಕು, ಏಕೆಂದರೆ ಆ ನಾಳ ಕೆಲವೊಮ್ಮೆ ವಪೆಯ (ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ಸ್ನಾಯುವಿನ) ಕೆಳಗಿನಿಂದ ಹೊರಟು ಮೇಲಕ್ಕೇರುತ್ತದೆ. ರಕ್ತ ಮರಳುವ ದಾರಿಯನ್ನೂ ಗುರುತಿಸಿ: ಹಾಲೆಯೊಳಗಿನ ಬಗೆಯಲ್ಲಿ ಸಾಮಾನ್ಯವಾಗಿ ಪಲ್ಮನರಿ ಅಭಿಧಮನಿಗೆ (ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ಒಯ್ಯುವ ನಾಳಕ್ಕೆ), ತನ್ನದೇ ಪೊರೆಯುಳ್ಳ ಹೊರಗಿನ ಬಗೆಯಲ್ಲಿ ಹೆಚ್ಚಾಗಿ ದೇಹದ ಇತರ ಅಭಿಧಮನಿಗಳಿಗೆ.

ಇಲ್ಲೊಂದು ಎಚ್ಚರಿಕೆ ಬೇಕು. ದೀರ್ಘಕಾಲದ ಸೋಂಕಿದ್ದ ಜಾಗಕ್ಕೂ ಸುತ್ತಲಿನ ನಾಳಗಳಿಂದ ಹೊಸ ರಕ್ತಪೂರೈಕೆ ಬೆಳೆಯಬಹುದು. ಆದ್ದರಿಂದ ನಾಳದ ಹುಟ್ಟಿನ ಜೊತೆಗೆ ಆ ಭಾಗದ ಶ್ವಾಸನಾಳದ ಕವಲುಗಳನ್ನೂ ನೋಡಿಯೇ ತೀರ್ಮಾನಿಸಬೇಕು. ಆ ತುಣುಕಿಗೆ ಶ್ವಾಸನಾಳದ ಸಹಜ ಸಂಪರ್ಕವಿಲ್ಲದ್ದರಿಂದ, ಶ್ವಾಸನಾಳದೊಳಗೆ ದುರ್ಬೀನು ಇಳಿಸಿ ನೋಡುವ ಬ್ರಾಂಕೋಸ್ಕೋಪಿ ಸಹಜವಾಗಿ ಕಂಡಿತೆಂದು ಶಂಕೆಯನ್ನು ಕೈಬಿಡಬೇಡಿ.

ನಾಳದ ನಕ್ಷೆ ಕೈಗೆ ಬರುವ ಮೊದಲು ಸೂಜಿ ಹಾಕಿ ಬಯಾಪ್ಸಿ (ಪರೀಕ್ಷೆಗೆ ಅಂಗಾಂಶದ ಚೂರು) ತೆಗೆಯಬಾರದು. ಮಹಾಪಧಮನಿಯ ಒತ್ತಡದಲ್ಲಿ ಹರಿಯುವ ನಾಳಕ್ಕೆ ಸೂಜಿ ತಾಗಿದರೆ ಭಾರಿ ರಕ್ತಸ್ರಾವವಾದೀತು. ಶಸ್ತ್ರಚಿಕಿತ್ಸಕರಿಗೂ ಇದೇ ಅಪಾಯ, ಹಾಗಾಗಿ ನಾಳಗಳೆಷ್ಟು, ಪ್ರತಿಯೊಂದೂ ಎಲ್ಲಿ ಹುಟ್ಟುತ್ತದೆ, ಎಷ್ಟು ದಪ್ಪವಿದೆ ಎಂಬುದನ್ನು ವರದಿಯ ಮೊದಲ ಸಾಲಿನಲ್ಲೇ ಬರೆಯುವಂತೆ ರೇಡಿಯಾಲಜಿಸ್ಟರನ್ನು ಕೇಳಿಕೊಳ್ಳಿ.