ಆಗುಂಬೆ ಮಳೆಕಾಡಲ್ಲಿ ಕೊನೆಗಾರರ ಹಿಂದೆ

ದಾವಣಗೆರೆ ಕಡೆಯವರಿಗೆ ಕಾಡುಪ್ರಾಣಿ ನೋಡೋದು ಅಂದರೆ ದೂರಕ್ಕೆ ಕಣ್ಣು ಹಾಯಿಸೋದು. ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ, ಅಂದರೆ ನಾಲ್ಕು ಕೊಂಬಿನ ಹುಲ್ಲೆ, ಹುಡುಕುವಾಗ ನಾನು ಮಾಡೋದೂ ಅದೇ, ಕುರುಚಲು ಗಿಡಗಳ ನಡುವೆ ಏನಾದರೂ ಅಲುಗಾಡಿತಾ ಅಂತ ಬೈನಾಕ್ಯುಲರ್ ಹಿಡಿದು ಕೂರೋದು. ಆಗುಂಬೆಯಲ್ಲಿ ಇದು ನಡೆಯಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ನಮ್ಮಲ್ಲಿ ಅದರ ಹತ್ತನೇ ಒಂದು ಪಾಲೂ ಬೀಳಲ್ಲ. ಹತ್ತು ಹೆಜ್ಜೆ ಆಚೆ ಬರೀ ಎಲೆ.

ಜುಲೈನಲ್ಲಿ ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಹೋಗಿ ಅಡಿಕೆ ಬೆಳೆಗಾರರೊಬ್ಬರ ಮನೆಯಲ್ಲಿ ಉಳಿದೆ. ಚನ್ನಗಿರಿ ತೋಟಗಳ ಸುದ್ದಿ, ಅಡಿಕೆ ರೇಟು ಅಂತ ಮಾತು ಶುರುವಾದರೆ ಪರಿಚಯಕ್ಕೆ ಬೇರೇನೂ ಬೇಕಿಲ್ಲ ಅಲ್ವಾ? ಅವರ ತೋಟದ ಕೊನೆಗಾರರನ್ನೇ ಜೊತೆಗೆ ಕಳಿಸಿದರು. ಮರ ಹತ್ತಿ ಅಡಿಕೆ ಕೊನೆ ಇಳಿಸೋರು, ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ಮದ್ದು) ಹೊಡೆಯೋರು ಇವರೇ. ಕೆಲಸವೆಲ್ಲ ಮರದ ತುದಿಯಲ್ಲೇ ಆದ್ದರಿಂದ ಕೆಂದಳಿಲಿನ ಗೂಡು ಎಲ್ಲಿದೆ, ಸಿಂಗಳೀಕದ ಗುಂಪು ಯಾವ ಕಡೆ ಹೋಯ್ತು ಅನ್ನೋದು ಅವರಿಗೆ ಬಾಯಿಪಾಠ.

"ಅದನ್ನ ಚೀಲಕ್ಕೆ ಹಾಕಿ ಮಾರಾಯ್ರೆ, ಮೊದಲು ಕೇಳಿಸ್ಕೊಳ್ಳಿ" ಅಂದರು ಬೈನಾಕ್ಯುಲರ್ ನೋಡಿ. ಮೇಲಿಂದ ಕಚ್ಚಿದ ಹಣ್ಣಿನ ಚೂರು ಉದುರಿದರೆ ನಿಂತುಬಿಡಬೇಕು. ಹಾಗೆ ನಿಂತಾಗಲೇ ಕೆಂದಳಿಲು ಕಂಡಿದ್ದು, ಉದ್ದ ಬಾಲ ಕೊಂಬೆಯಿಂದ ಇಳಿಬಿದ್ದಿತ್ತು. ಸಿಂಗಳೀಕ ಸಿಗಲಿಲ್ಲ. ಕಾಳಿಂಗ ಸರ್ಪವನ್ನಂತೂ ನಾನು ಕೇಳಲೂ ಇಲ್ಲ, ತರಗೆಲೆ ಗುಡ್ಡೆ ಹಾಕಿ ಮೊಟ್ಟೆ ಇಟ್ಟ ಜಾಗಕ್ಕೆ ಫೋಟೋಗೆ ಅಂತ ಜನ ನುಗ್ಗೋದು ನನಗೆ ಇಷ್ಟವಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಮನೆ ಹಿಂದಿನ ಕೆರೆಯ ಹಾರುವ ಕಪ್ಪೆ. ರಾತ್ರಿ ಗಂಡುಗಳು ಕೂಗುತ್ತವೆ, ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆ ಗೂಡು ಇರುತ್ತೆ, ಮೊಟ್ಟೆ ಒಡೆದ ಮರಿಗಳು ಸೀದಾ ಕೆಳಗಿನ ನೀರಿಗೆ ಬೀಳುತ್ತವೆ. ಫ್ಲ್ಯಾಶ್ ಹಾಕದೆ ಸುಮ್ನೆ ನೋಡಿದರೆ ಅವು ಅಲ್ಲೇ ಇರುತ್ತವೆ.

ಇಂಬಳಕ್ಕೆ (ಕಾಡಿನ ಜಿಗಣೆ) ಸುಣ್ಣ-ತಂಬಾಕು ಹಚ್ಚಿಕೊಂಡರೂ ಅದಕ್ಕೆಂದೇ ಸಿಗೋ ಉದ್ದ ಸಾಕ್ಸ್ ಹಾಕಿಕೊಳ್ಳಿ. ಕಾಡಿನ ಜಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಇಲ್ಲದಿದ್ದರೆ ತೋಟದ ಅಂಚಿನಲ್ಲೇ ಓಡಾಡಿ, ಅಲ್ಲೇ ಬೇಕಾದಷ್ಟಿದೆ. ಕೊನೆಗಾರರಿಗೆ ಮದ್ದು ಹೊಡೆಯೋ ದಿನದ ಕೂಲಿಯಷ್ಟನ್ನೇ ಕೊಡೋದು ಅಂತ ಮೊದಲೇ ಮಾತಾಡಿಕೊಳ್ಳಿ. ಮಳೆ ಬಿಡುವು ಕೊಟ್ಟ ದಿನ ಅವರು ಮರದ ಮೇಲಿರುತ್ತಾರೆ, ಸಿಗೋದು ಮಳೆ ಜಡಿಯೋ ದಿನವೇ, ಹಾಗಾಗಿ ಹೊರಡೋ ಮುಂಚೆ ಫೋನ್ ಮಾಡಿ.