ಜೆಸಿಬಿ ಕರೆಸೋ ಮುಂಚೆ ನೆಲದಡಿ ಏನಿದೆ ಅಂತ ನೋಡ್ಕೊಳ್ಳೋದು ಹೇಗೆ

ಸಂಪ್ ತೋಡಿಸೋಕೋ, ಕಾಂಪೌಂಡ್ ಪಾಯಕ್ಕೋ, ಇಂಗುಗುಂಡಿಗೋ ಬೆಂಗಳೂರಲ್ಲಿ ಜೆಸಿಬಿ ಕರೆಸೋದು ಒಂದು ಫೋನಿನ ಕೆಲಸ. ಆದ್ರೆ ಅದರ ಬಾಡಿಗೆ ಗಂಟೆ ಲೆಕ್ಕ, ಗಾಡಿ ಬಂದು ನಿಂತ್ಮೇಲೆ ಕೆಳಗೆ ಕೇಬಲ್ ಇದ್ಯಾ ಪೈಪ್ ಇದ್ಯಾ ಅಂತ ಹುಡುಕೋಕೆ ಯಾರಿಗೂ ತಾಳ್ಮೆ ಇರಲ್ಲ, ಹಂಗಾಗಿ ಹುಡುಕೋದೆಲ್ಲ ಎರಡ್ಮೂರು ದಿನ ಮುಂಚೆನೇ ಮುಗಿಸ್ಬಿಡಿ.

ಮೊದ್ಲು ಸುಮ್ನೆ ಸುತ್ತಾಡಿ ನೋಡಿ. ಬೀದಿಯ ಫೀಡರ್ ಪಿಲ್ಲರ್ (ಮನೆಗಳಿಗೆ ಕರೆಂಟ್ ಹಂಚೋ ಪೆಟ್ಟಿಗೆ) ಎಲ್ಲಿದೆ, ನಿಮ್ಮ ಕರೆಂಟ್ ಮೀಟ್ರು ಎಲ್ಲಿದೆ, ನೀರಿನ ವಾಲ್ವ್, ಯುಜಿಡಿ ಅಂದ್ರೆ ಒಳಚರಂಡಿಯ ಚೇಂಬರ್, ಗ್ಯಾಸ್ ಲೈನಿನ ಮಾರ್ಕರ್, ಕಂಬದಿಂದ ಕೆಳಗಿಳಿದಿರೋ ಕೇಬಲ್. ರಸ್ತೇಲಿ ಉದ್ದಕ್ಕೆ ಟಾರ್ ತೇಪೆ ಹಾಕಿದ್ರೆ ಅಲ್ಲಿ ಯಾರೋ ಅಗೆದು ಏನೋ ಹಾಕಿದಾರೆ ಅಂತಾನೇ ಅರ್ಥ. ಇವನ್ನೆಲ್ಲ ಸೇರಿಸಿ ಅಂದಾಜು ಗೆರೆ ಸುಣ್ಣದ ಪುಡೀಲಿ ಎಳೀರಿ, ಆದ್ರೆ ಲೈನ್ ನೇರವಾಗೇ ಹೋಗಿದೆ ಅಂತ ನಂಬ್ಕೋಬೇಡಿ, ಬಂಡೆ ಸಿಕ್ಕಿದ್ರೆ ಬಳಸ್ಕೊಂಡು ಹೋಗಿರ್ತಾರೆ.

ಆಮೇಲೆ ಏರಿಯಾದ ಲೈನ್‌ಮನ್ನು, ವಾಲ್ವ್‌ಮನ್ನು, ಹಳ್ಳಿ ಕಡೆ ಆದ್ರೆ ನೀರುಗಂಟಿ, ಇವ್ರನ್ನ ಜಾಗಕ್ಕೇ ಕರ್ಕೊಂಡ್ಬಂದು ತೋರ್ಸಿ. ನನ್ನ ಕೇಳಿದ್ರೆ ಆಫೀಸಿನ ಡ್ರಾಯಿಂಗಿಗಿಂತ ಇವ್ರ ನೆನಪೇ ವಾಸಿ. ಕೇಂದ್ರ ಸರ್ಕಾರದ್ದು ‘ಕಾಲ್ ಬಿಫೋರ್ ಯು ಡಿಗ್’ ಅಂತ ಆಪ್ ಇದೆ, 2023ರ ಮಾರ್ಚಲ್ಲಿ ಬಂದಿದ್ದು, ಅಗೆಯೋ ಜಾಗ ಅದ್ರಲ್ಲಿ ಹಾಕಿದ್ರೆ ಅಲ್ಲಿ ಲೈನ್ ಇರೋ ಸಂಸ್ಥೆಗಳಿಗೆ ಸುದ್ದಿ ಹೋಗುತ್ತೆ. ಮುಖ್ಯವಾಗಿ ರಸ್ತೆ ಅಗೆಯೋ ಏಜೆನ್ಸಿಗಳಿಗೆ ಅಂತ ಮಾಡಿರೋದು. ಅದ್ರಿಂದ ಉತ್ತರ ಬರ್ಲಿಲ್ಲ ಅಂದ್ರೆ ಕೆಳಗೆ ಏನೂ ಇಲ್ಲ ಅಂತಲ್ಲ.

ಆಳದ ವಿಷ್ಯ. ಕೇಬಲ್ ಹಾಕೋದರ ಭಾರತೀಯ ಮಾನಕ ಐಎಸ್ 1255 ಪ್ರಕಾರ ಮನೆ ಕರೆಂಟಿನ ಎಲ್‌ಟಿ ಕೇಬಲ್ ಕನಿಷ್ಠ 0.75 ಮೀಟರ್, ಹೆಚ್ಚು ವೋಲ್ಟೇಜಿನ 11 ಕೆವಿ ಕೇಬಲ್ ಆದ್ರೆ 0.9 ಮೀಟರ್ ಕೆಳಗಿರ್ಬೇಕು. ಪುಸ್ತಕದಲ್ಲಿ ಸರಿ, ಆದ್ರೆ ರಸ್ತೆ ತಗ್ಗಿಸಿದಾಗ, ಚರಂಡಿ ಮಾಡಿದಾಗ ಮೇಲಿನ ಮಣ್ಣು ಹೋಗಿ ಕೇಬಲ್ ಒಂದಡಿಗೇ ಸಿಗ್ಬಹುದು.

ದೊಡ್ಡ ಕೆಲಸ ಆದ್ರೆ ಕೇಬಲ್ ಲೊಕೇಟರ್ ಇರೋ ಸರ್ವೆಯವ್ರನ್ನ ಕರೆಸಿ. ಅದು ಲೋಹಕ್ಕೆ ಮಾತ್ರ, ಪಿವಿಸಿ ಪೈಪ್ ಅದಕ್ಕೆ ಕಾಣಲ್ಲ. ಜಿಪಿಆರ್ ಅನ್ನೋ ರೇಡಾರ್ ಯಂತ್ರಕ್ಕೆ ಪ್ಲಾಸ್ಟಿಕ್ಕೂ ಕಾಣುತ್ತೆ, ಆದ್ರೆ ಒದ್ದೆ ಎರೆಮಣ್ಣಲ್ಲಿ ಸಿಗ್ನಲ್ ಒಳಗೇ ಇಳಿಯಲ್ಲ, ಹುಬ್ಬಳ್ಳಿ ಗದಗ ಕಡೆಯವ್ರು ಮಳೆಗಾಲದಲ್ಲಿ ಅದಕ್ಕೆ ದುಡ್ಡು ಸುರಿಯೋದು ದಂಡ.

ಕೊನೆಗೆ ಖಾತ್ರಿ ಆಗೋದು ಕೈಯಲ್ಲಿ ಗುಂಡಿ ತೆಗೆದಾಗ್ಲೇ. ಎಳೆದ ಗೆರೆಗೆ ಅಡ್ಡವಾಗಿ, ಗೆರೆಗಿಂತ ಸ್ವಲ್ಪ ಪಕ್ಕದಿಂದ ಶುರು ಮಾಡಿ ತೆಳ್ಳಗೆ ಮಣ್ಣು ಕೆರೀತಾ ಬನ್ನಿ, ಹಾರೆ ಪಿಕಾಸಿ ದೂರ ಇಡಿ, ಮರದ ಹಿಡಿಯ ಸನಿಕೆ ಸಾಕು, ಕೂಲಿಯವ್ರಿಗೆ ಬೂಟು ಕೊಡಿ. ಸುತ್ತಲಿನ ಮಣ್ಣು ಕೆಂಪಗಿದ್ದು ಒಂದು ಕಡೆ ಮಾತ್ರ ಮರಳು ಸಿಕ್ತಾ, ಸಾಲಾಗಿ ಇಟ್ಟಿಗೆ ಕಾಣ್ತಾ, ಬಣ್ಣದ ವಾರ್ನಿಂಗ್ ಟೇಪ್ ಬಂತಾ, ಅಲ್ಲೇ ನಿಲ್ಸಿ, ಕೇಬಲ್ಲೋ ಪೈಪೋ ಕೆಳಗೇ ಇದೆ. ಹಳದಿ ಪೈಪ್ ಕಂಡ್ರೆ ಗ್ಯಾಸ್ ಅಂತಾನೇ ತಿಳ್ಕೊಂಡು ಕಂಪನಿಗೆ ಫೋನ್ ಮಾಡಿ, ನಂಬರ್ ಮಾರ್ಕರ್ ಮೇಲಿರುತ್ತೆ, ಅದನ್ನ ಮೊದ್ಲೇ ಬರ್ಕೊಂಡಿರಿ. ಹಳೇ ಕೇಬಲ್ಲು, ಸತ್ತಿದೆ ಅಂತ ಮೇಸ್ತ್ರಿ ಹೇಳಿದ್ರೂ ಮುಟ್ಟೋಕೆ ಬಿಡ್ಬೇಡಿ.

ಇಷ್ಟಾದ್ರೂ ಜೆಸಿಬಿ ಬಕೆಟ್ ಕೇಬಲ್‌ಗೆ ತಾಗಿದ್ರೆ ಆಪರೇಟರ್ ಇಳೀಬಾರ್ದು, ಕ್ಯಾಬಿನ್ನಲ್ಲೇ ಕೂತಿರ್ಲಿ, ಮಿಕ್ಕವ್ರೆಲ್ಲ ದೂರ ಹೋಗಿ ಕರೆಂಟ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಕರೆಂಟ್ ತೆಗೆದಿದೀವಿ ಅಂತ ಅವ್ರು ಹೇಳೋ ತನಕ ಯಾರೂ ಹತ್ರ ಹೋಗ್ಬೇಡಿ. ಗ್ಯಾಸ್ ಆದ್ರೆ ಉಲ್ಟಾ: ಇಂಜಿನ್ ಆಫ್ ಮಾಡಿ ಇಳಿದು ಗಾಳಿ ಬೀಸೋ ದಿಕ್ಕಿಗೆ ಎದುರಾಗಿ ನಡೀರಿ, ಬೀಡಿ ಬೇಡ, ಸ್ವಿಚ್ ಬೇಡ, ಫೋನೂ ದೂರ ಹೋದ್ಮೇಲೇನೇ. ತೂತಿಗೆ ಮಣ್ಣು ಮುಚ್ಚೋ ಸಾಹಸ ಮಾಡ್ಬೇಡಿ, ಗ್ಯಾಸ್ ಮಣ್ಣೊಳಗಿಂದಾನೇ ಪಕ್ಕದ ಮನೆ ಒಳಗೆ ಹೋಗ್ಬಹುದು.

ಎಲ್ಲ ಸರಿಯಾಗಿ ಮುಗಿದ್ರೆ, ಮುಚ್ಚೋ ಮುಂಚೆ ಕಾಂಪೌಂಡ್ ಗೋಡೆಯಿಂದ ಎಷ್ಟಡಿ ದೂರ, ಎಷ್ಟಡಿ ಆಳ ಅಂತ ಟೇಪ್ ಹಿಡಿದು ಒಂದು ಫೋಟೋ ತೆಗೀರಿ, ಮರಳು, ಇಟ್ಟಿಗೆ, ವಾರ್ನಿಂಗ್ ಟೇಪ್ ಇದ್ದ ಹಾಗೇ ವಾಪಸ್ ಹಾಕ್ಸಿ.