ಪೆರ್ಡೂರಿನ ನಮ್ಮ ಮನೆಗೆ ನೆಟ್ ಬಂದ ದಾರಿ

ನಾನು ಮನೆಯಲ್ಲೇ ಕೂತು ಅಂಗಡಿಗಳ ಲೆಕ್ಕ ಬರೆಯುವವಳು. ತೆರಿಗೆ ಕಟ್ಟುವ ಜಿಎಸ್‌ಟಿ ರಿಟರ್ನ್ ತಿಂಗಳು ತಿಂಗಳು ಹಾಕುವವರಿಗೆ 20ನೇ ತಾರೀಕು ಕೊನೆ ದಿನ. ಆ ಸಂಜೆ ನೆಟ್ ಹೋದರೆ ಒಂದು ಕಡೆ ಅಂಗಡಿಯವರ ಫೋನು, ಇನ್ನೊಂದು ಕಡೆ ಪರದೆಯಲ್ಲಿ ಸುತ್ತುತ್ತಲೇ ಇರುವ ಚಕ್ರ. ಹಾಗಾಗಿ ನೆಟ್ ಮನೆಗೆ ಹೇಗೆ ಬರುತ್ತದೆ ಅಂತ ಕಲಿಯಲೇಬೇಕಾಯಿತು.

ಮೊದಲು ಬಂದದ್ದು ಟೆಲಿಫೋನಿನ ತಾಮ್ರದ ತಂತಿಯಲ್ಲಿ. ಅದರಲ್ಲೂ ಶುರುವಿನ ಡಯಲ್‌ಅಪ್ ನೆನಪಿದೆ ಅಲ್ವಾ? ಹೆಚ್ಚೆಂದರೆ 56 ಕೆಬಿಪಿಎಸ್. ನೆಟ್ ಹಾಕಿದರೆ ಫೋನ್ ಎಂಗೇಜ್. ಬ್ರಾಡ್‌ಬ್ಯಾಂಡ್ ಬಂದ ಮೇಲೆ ಆ ತಾಪತ್ರಯ ಹೋಯಿತು. ತಂತಿ ಅದೇ, ಆದರೆ ಮಾತಿಗಿಂತ ಮೇಲಿನ ಫ್ರೀಕ್ವೆನ್ಸಿಯಲ್ಲಿ ನೆಟ್ ಹರಿಯುತ್ತದೆ. ಎರಡನ್ನೂ ಬೇರ್ಪಡಿಸಲು ಗೋಡೆಯ ಮೇಲೆ ಪುಟ್ಟ ಸ್ಪ್ಲಿಟರ್. ತೊಂದರೆ ಇದ್ದದ್ದು ದೂರದಲ್ಲಿ. ಈ ತಂತ್ರದ ಮುಂದುವರಿದ ಬಗೆಯಲ್ಲಿ ಎಕ್ಸ್‌ಚೇಂಜಿನ ಪಕ್ಕದ ಮನೆಗೆ 24 ಎಂಬಿಪಿಎಸ್ ವರೆಗೂ ಸಿಗಬಹುದು. ನಮ್ಮ ಮನೆ ನಾಲ್ಕು ಕಿಲೋಮೀಟರ್ ಆಚೆ, ಅಡಿಕೆ ತೋಟ ದಾಟಿ. ನಮಗೆ ಎರಡು ಸಿಕ್ಕರೆ ಪುಣ್ಯ. ಜೊತೆಗೆ ಸಿಡಿಲು. ತಾಮ್ರ ಅಂದ ಮೇಲೆ ಸಿಡಿಲಿನ ಹೊಡೆತ ತಂತಿ ಹಿಡಿದು ಒಳಗೇ ಬರುತ್ತದೆ. ಮೇ ತಿಂಗಳ ಒಂದು ಸಂಜೆ ಮೋಡೆಮ್ ಸುಟ್ಟ ವಾಸನೆ ಚಾವಡಿ ತುಂಬಾ ಇತ್ತು. ಆಮೇಲೆ ಪಡುವಣದಲ್ಲಿ ಕಪ್ಪಾದರೆ ಸಾಕು, ಅಮ್ಮ "ಮೋಡೆಮ್ ತೆಗ್ದಿಯಾ?" ಅಂತ ಅಡುಗೆಮನೆಯಿಂದಲೇ ಕೇಳುತ್ತಿದ್ದರು.

ನಂತರ ಮೊಬೈಲ್ ಸಿಮ್ ಹಾಕುವ ರೂಟರ್ ತಂದೆ. ತಂತಿಯ ಗೋಜಿಲ್ಲ. ಆದರೆ ಟವರ್ ಇರುವುದು ಗುಡ್ಡೆಯ ಆ ಬದಿಗೆ. ಚಾವಡಿಯಲ್ಲಿ ಎರಡು ಕಡ್ಡಿ, ಉಪ್ಪರಿಗೆಯ ಕಿಟಕಿಯಲ್ಲಿ ನಾಲ್ಕು. ಈ ಕಡ್ಡಿಗಳನ್ನು ನಾನು ಜಾಸ್ತಿ ನಂಬುವುದಿಲ್ಲ. ರೂಟರಿನ ಸೆಟ್ಟಿಂಗ್ ಪುಟದಲ್ಲಿ ಸಿಗ್ನಲ್ಲಿನ ಬಲ ಅಂಕಿಯಲ್ಲೇ ಇರುತ್ತದೆ. ಚಾವಡಿಯಲ್ಲಿ ಮೈನಸ್ 114 ತೋರಿಸುತ್ತಿತ್ತು, ಕಿಟಕಿಯಲ್ಲಿ ಮೈನಸ್ 96. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಜಾಗ ಬದಲಿಸಿದ್ದಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ, ಹಗಲಿನ ಕೆಲಸ ಆರಾಮವಾಗಿ ಆಯಿತು. ರಾತ್ರಿ ಎಂಟಾದರೆ ಮಾತ್ರ ನಿಧಾನ. ಒಂದು ಟವರಿನ ಸಾಮರ್ಥ್ಯವನ್ನು ಊರವರೆಲ್ಲ ಹಂಚಿಕೊಳ್ಳುವುದು. ಆ ಹೊತ್ತಿಗೆ ಎಲ್ಲರೂ ವಿಡಿಯೊ ನೋಡುತ್ತಿರುತ್ತಾರೆ.

ಸ್ಯಾಟಲೈಟ್ ಬಗ್ಗೆಯೂ ವಿಚಾರಿಸಿದ್ದೆ. ಹಳೆಯ ಬಗೆಯ ಉಪಗ್ರಹ ಸುಮಾರು 35,786 ಕಿಲೋಮೀಟರ್ ಮೇಲಿರುತ್ತದೆ. ಕೇಳಿದ್ದು ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿನಷ್ಟು ಬೇಕೇ ಬೇಕು. ದುಬೈಯಲ್ಲಿರುವ ತಮ್ಮನ ಜೊತೆ ಅಮ್ಮ ವಿಡಿಯೊದಲ್ಲಿ ಮಾತಾಡುವಾಗ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡಿದ ಹಾಗಾದೀತು. ಬೇರೆ ದಾರಿಯೇ ಇಲ್ಲದ ಕಾಡಿನೊಳಗಿನ ಮನೆಗೆ ಅದು ಸರಿ. ನಮಗೆ ಬೇಡ ಅನ್ನಿಸಿತು.

ಕೊನೆಗೆ ರಸ್ತೆಬದಿಯ ಕಂಬಕ್ಕೆ ಫೈಬರ್ ಬಂತು. ಇಲ್ಲಿ ಹರಿಯುವುದು ಬೆಳಕು, ಕೂದಲೆಳೆಯಂಥ ಗಾಜಿನಲ್ಲಿ. ನಾಲ್ಕು ಕಿಲೋಮೀಟರ್ ಅದಕ್ಕೆ ಲೆಕ್ಕವೇ ಅಲ್ಲ. ಗಾಜಿನಲ್ಲಿ ಕರೆಂಟು ಹರಿಯದ ಕಾರಣ ಸಿಡಿಲಿನ ಭಯ ಕಡಿಮೆ. ಪೂರ್ತಿ ಇಲ್ಲ ಅನ್ನಬೇಡಿ. ಹೊರಗಿನ ಕೆಲವು ಫೈಬರ್ ಕೇಬಲ್‌ಗಳಲ್ಲಿ ಬಲಕ್ಕೆ ಅಂತ ಉಕ್ಕಿನ ತಂತಿ ಇರುತ್ತದೆ. ನಮ್ಮದರಲ್ಲೂ ಇತ್ತು. ಅದನ್ನು ಮಾಡಿನ ಹೊರಗೇ ಕತ್ತರಿಸಿ, ಗಾಜಿನ ಎಳೆ ಮಾತ್ರ ಒಳಗೆ ತರುವಂತೆ ಲೈನಿನ ಹುಡುಗನಿಗೆ ಹೇಳಿದೆ. ಫೈಬರ್ ಬಂದು ಸೇರುವ ಡಬ್ಬದ ಅಡಾಪ್ಟರನ್ನು ಈಗಲೂ ಗುಡುಗು ಶುರುವಾದ ಕೂಡಲೇ ಪ್ಲಗ್‌ನಿಂದ ತೆಗೆಯುತ್ತೇನೆ. ಸಿಡಿಲಿಗೆ ಕರೆಂಟಿನ ಲೈನೂ ಒಂದು ದಾರಿ.

ನೂರು ಎಂಬಿಪಿಎಸ್ ಪ್ಲ್ಯಾನ್ ಹಾಕಿಸಿದೆ. ಫೈಲ್ ಇಳಿಸುವಾಗ ನೋಡಿದರೆ ಸೆಕೆಂಡಿಗೆ 12 ಎಂಬಿ! ಮೋಸ ಆಯಿತೇನೋ ಅಂದುಕೊಂಡೆ. ಹಾಗೇನಿಲ್ಲ. ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಫೈಲನ್ನು ಬೈಟ್‌ನಲ್ಲಿ ಅಳೆಯುತ್ತಾರೆ. ಎಂಟು ಬಿಟ್‌ಗೆ ಒಂದು ಬೈಟ್. ನೂರನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ. ಲೆಕ್ಕ ಸರಿಯಾಗಿಯೇ ಇತ್ತು.

ಇಷ್ಟಾದರೂ ನನ್ನ ಹಿಂಬದಿ ಕೋಣೆಯಲ್ಲಿ ಎಂಟು ಎಂಬಿಪಿಎಸ್ ಮಾತ್ರ. ಕಂಪ್ಲೇಂಟ್ ಕೊಡಲು ಫೋನ್ ಎತ್ತಿಕೊಂಡವಳು ಒಂದು ಪರೀಕ್ಷೆ ಮಾಡೋಣ ಅಂತ ಲ್ಯಾಪ್‌ಟಾಪನ್ನು ಲ್ಯಾನ್ ವಯರ್‌ನಿಂದ ನೇರ ಡಬ್ಬಕ್ಕೆ ಸಿಕ್ಕಿಸಿದೆ. 94 ಬಂತು. ಅಂದರೆ ಕಂಬದಿಂದ ಮನೆವರೆಗೆ ಏನೂ ದೋಷವಿಲ್ಲ. ವೇಗ ಸಾಯುತ್ತಿದ್ದದ್ದು ನಮ್ಮ ಕೆಂಪುಕಲ್ಲಿನ ಗೋಡೆಗಳಲ್ಲಿ. ಮನೆಗೆ ಬರುವ ನೆಟ್ ಬೇರೆ, ಮನೆಯೊಳಗೆ ಹಂಚುವ ವೈಫೈ ಬೇರೆ. ಇದು ನನಗೆ ಅರ್ಥವಾಗಲು ಇಷ್ಟು ವರ್ಷ ಹಿಡಿಯಿತು. ಯಾರಾದರೂ ಪ್ಲ್ಯಾನ್ ಬದಲಿಸಬೇಕಾ ಅಂತ ಕೇಳಿದರೆ ಮೊದಲು ವಯರ್ ಸಿಕ್ಕಿಸಿ ನೋಡಿ ಅನ್ನುತ್ತೇನೆ. 5 ಗಿಗಾಹರ್ಟ್ಸ್ ವೈಫೈ ಒಂದೇ ಕೋಣೆಯಲ್ಲಿ ಚುರುಕು, ಗೋಡೆ ದಾಟುವಾಗ ಸೋಲುತ್ತದೆ. 2.4 ದೂರ ಹೋಗುತ್ತದೆ, ವೇಗ ಕಡಿಮೆ. ನಾನು ಅಟ್ಟದ ಮೇಲಿಂದ ಕೋಣೆಗೆ ಲ್ಯಾನ್ ವಯರ್ ಎಳೆಸಿ, ಅಲ್ಲೊಂದು ಎರಡನೇ ರೂಟರ್ ಇಟ್ಟೆ. ಪ್ಲ್ಯಾನ್ ಅದೇ ಇದೆ.

ಕರೆಂಟು ಹೋದರೆ ಡಬ್ಬವೂ ಹೋಗುತ್ತದೆ. ಅದಕ್ಕೊಂದು 12 ವೋಲ್ಟಿನ ಪುಟ್ಟ ಯುಪಿಎಸ್ ಸಾಕು. ನಮ್ಮದು ಮೂರು ಗಂಟೆ ತಡೆಯುತ್ತದೆ. ಸಿಮ್ ರೂಟರನ್ನೂ ಉಪ್ಪರಿಗೆಯಲ್ಲಿ ಹಾಗೇ ಇಟ್ಟಿದ್ದೇನೆ, 20ನೇ ತಾರೀಕಿಗೆ ಅಂತ.

ಕಳೆದ ಚೌತಿಗೆ ಮನೆ ಒರೆಸಿ ಗುಡಿಸಿದ ಮರುದಿನ ಡಬ್ಬದಲ್ಲಿ ಎಲ್‌ಒಎಸ್ ಅಂತ ಬರೆದ ದೀಪ ಕೆಂಪಗೆ ಮಿನುಗತೊಡಗಿತು. ಬೆಳಕು ಬರುತ್ತಿಲ್ಲ, ಇಲ್ಲವೇ ಸಾಲುತ್ತಿಲ್ಲ ಅಂತ ಅರ್ಥ. ಡಬ್ಬದ ಪುಟ ತೆರೆದು ನೋಡಿದರೆ ಬೆಳಕಿನ ಬಲ ಮೈನಸ್ 31. ಸಾಧಾರಣವಾಗಿ ಮೈನಸ್ 27ಕ್ಕಿಂತ ಕೆಳಗೆ ಹೋದರೆ ಹಿಡಿಯುವುದು ಕಷ್ಟ. ಕಪಾಟಿನ ಹಿಂದೆ ಟಾರ್ಚ್ ಬಿಟ್ಟೆ. ತಳ್ಳಿದ ಕಪಾಟಿಗೂ ಗೋಡೆಗೂ ನಡುವೆ ಫೈಬರಿನ ಹಳದಿ ವಯರ್ ಸಿಕ್ಕಿ, ಮೊಳೆಯ ಹತ್ತಿರ ವೀಳ್ಯದೆಲೆ ಮಡಚಿದ ಹಾಗೆ ಮಡಚಿಕೊಂಡಿತ್ತು. ಗಾಜು ಒಡೆದಿರಲಿಲ್ಲ, ಆದರೆ ಅಷ್ಟು ಚೂಪಾಗಿ ಬಾಗಿದರೆ ಬೆಳಕು ಅಲ್ಲೇ ಹೊರಗೆ ಸೋರಿಹೋಗುತ್ತದೆ. ಕಪಾಟನ್ನು ಎಳೆದು, ವಯರನ್ನು ಬಳೆಯ ಹಾಗೆ ದೊಡ್ಡದಾಗಿ ಸುತ್ತಿ ಮೊಳೆಗೆ ಸುಮ್ನೆ ತೂಗುಹಾಕಿದೆ. ಕೆಂಪು ದೀಪ ಆರಿತು. ಅಂಕಿ ಮೈನಸ್ 20ಕ್ಕೆ ಬಂತು. ಅದನ್ನು ಡಬ್ಬದ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ, ತಾರೀಕಿನ ಸಮೇತ.